ಹೊರಗಿನ ಕೋಣೆಯ ದ್ಯಾಮಕ್ಕ

ಕಂಪ್ಲಿಯ ಮರಿಸ್ವಾಮಿಯವರ ಅಕ್ಕಿ ಗಿರಣಿಯಲ್ಲಿ ಉಮಿ ಹೊತ್ತು ಹೊತ್ತು ದ್ಯಾಮಕ್ಕನಿಗೆ ಕೊನೆಗೆ ಉಸಿರಾಡುವುದೇ ಒಂದು ಕೆಲಸವಾಯಿತು. ಭತ್ತದ ಸಿಪ್ಪೆಯೆಲ್ಲ ಗಿರಣಿಯ ಹಿತ್ತಲಲ್ಲಿ ಗುಡ್ಡೆಯಾಗಿ ಬೀಳುತ್ತಿತ್ತು. ಅದನ್ನು ಪುಟ್ಟಿಗೆ ತುಂಬಿ ಬಾಯ್ಲರಿನ ಒಲೆಗೋ ಇಟ್ಟಿಗೆ ಭಟ್ಟಿಯ ಲಾರಿಗೋ ಸುರಿಯುವುದು ಹೆಂಗಸರ ಪಾಲಿನ ಕೆಲಸ. ಮೂಗಿಗೆ ಸೆರಗು ಕಟ್ಟಿಕೊಂಡರೂ ದೂಳು ಬಿಡುತ್ತಿರಲಿಲ್ಲ. ಮೊದಲು ಸಂಜೆ ಕೆಮ್ಮು ಬಂತು. ಆಮೇಲೆ ನಸುಕಿನಲ್ಲೂ ಬಂತು. ಒಂದು ದಿನ ಕೊಡ ಎತ್ತಲು ಹೋಗಿ, ಎತ್ತಲಾರದೆ, ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

ಹೊಸಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಹೊನ್ನೂರಮ್ಮ. ಕೇರಿಯಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಗಿರಣಿಯಲ್ಲಿ ಇಬ್ಬರ ಪುಟ್ಟಿಯೂ ಅಕ್ಕಪಕ್ಕ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ದೂಳು ಬಿಟ್ಟರೆ ಬದುಕುತ್ತೀ, ಬಿಡದಿದ್ದರೆ ನನ್ನ ಔಷಧಿಯಿಂದ ಏನೂ ಆಗದು ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಹೊನ್ನೂರಮ್ಮ ಕಿವಿಯ ಹತ್ತಿರ ಬಾಗಿ ಹೇಳಿದಳು:

"ಇದನ್ನ ಯಾರ ಮುಂದೂ ಆಡಬ್ಯಾಡ. ಎದಿ ಕೆಟ್ಟಾಕಿ ಅಂತ ಗೊತ್ತಾದ್ರ ಸಸಿ ಹಚ್ಚಾಕೂ ಕರಿಯಂಗಿಲ್ಲ ನಿನ್ನ."

ದ್ಯಾಮಕ್ಕ ಆಡಲಿಲ್ಲ. ಗಂಡ ಸಂಡೂರು ಗುಡ್ಡದ ಗಣಿಗೆ ದುಡಿಯಲು ಹೋದವನು ಅಲ್ಲಿಯೇ ಇನ್ನೊಂದು ಒಲೆ ಹೂಡಿದ್ದ. ಮಕ್ಕಳಿರಲಿಲ್ಲ. ಮಾರನೆಯ ದಿನ ಮತ್ತೆ ಪುಟ್ಟಿ ಹೊತ್ತಳು. ಬೇರೆ ದಾರಿ ತಿಳಿಯಲಿಲ್ಲ.

ಅವಳ ತವರು ದರೋಜಿಯ ಕಡೆಯ ಒಂದು ಸಣ್ಣ ಹಳ್ಳಿ. ಅಪ್ಪ ಹುಲುಗಪ್ಪ ಕಪಿಲೆ ಬಾವಿಗಳಿಗೆ ತೊಗಲಿನ ಬಾನೆ ಹೊಲಿಯುತ್ತಿದ್ದ. ಎತ್ತುಗಳು ಹಗ್ಗ ಜಗ್ಗಿದರೆ ಬಾವಿಯಿಂದ ನೀರು ತುಂಬಿಕೊಂಡು ಮೇಲೆ ಬರುವ, ಎಳೆಗರುವಿನ ಗಾತ್ರದ ಚೀಲ ಅದು. ಮಳೆಗಾಲದಲ್ಲಿ ಬಾವಿಗೆ ಕೆಲಸವಿಲ್ಲ. ಆಗ ರೈತರು ಬಾನೆಗಳನ್ನು ಬಿಚ್ಚಿ ತಂದು ಹುಲುಗಪ್ಪನ ಅಂಗಳದಲ್ಲಿ ಒಗೆಯುತ್ತಿದ್ದರು. ಅವುಗಳನ್ನು ನೆರಳಲ್ಲಿ ಆರಿಸಿ, ಒಳಗೆ ಒಣಹುಲ್ಲು ತುಂಬಿ, ಬಾಯಿಗೆ ಬಿದಿರಿನ ಬಳೆ ಕೊಟ್ಟು ಇಡುವುದು ದ್ಯಾಮಕ್ಕನ ಪಾಲಿನ ಕೆಲಸ. ಬೇಸಿಗೆಯ ಮುಂಚೆ ಅಪ್ಪ ಹರಳೆಣ್ಣೆ ಬೆಚ್ಚಗೆ ಮಾಡಿ ತೊಗಲಿಗೆ ಕುಡಿಸುತ್ತಿದ್ದ. ಕುಡಿಸುವುದು ಎಂದೇ ಅವನ ಮಾತು. ಕುಡಿಯದ ತೊಗಲು ಬಿಸಿಲಿಗೆ ಸೀಳುತ್ತದೆ, ಸೀಳಿದ ತೊಗಲಿಗೆ ಹೊಲಿಗೆ ನಿಲ್ಲದು ಎನ್ನುತ್ತಿದ್ದ. ಆಮೇಲೆ ಕಾಲುವೆಗೆ ನೀರು ಬಂತು. ರಾಗಿ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು, ಬಾವಿಗಳಿಗೆ ಮುಳ್ಳು ಮುಚ್ಚಿದರು. ಊರಿಗೆ ಊರೇ ಉಂಡು ಮೈಕೈ ತುಂಬಿಕೊಂಡ ಆ ವರ್ಷಗಳಲ್ಲಿ ಹುಲುಗಪ್ಪನ ಬಾಗಿಲಿಗೆ ಒಂದು ಬಾನೆಯೂ ಬರಲಿಲ್ಲ. ಅವನು ಕಂಪ್ಲಿಗೆ ಬಂದು ಗಿರಣಿಯಲ್ಲಿ ಹಮಾಲಿ ಮಾಡಿ, ಮಗಳನ್ನೂ ಅಲ್ಲಿಗೇ ಹಚ್ಚಿ ಸತ್ತ.

ಮರಿಸ್ವಾಮಿಯವರ ಮನೆಗೆ ಕೊಟ್ರಮ್ಮ ಸೊಸೆಯಾಗಿ ಬಂದದ್ದು ಎಂಬತ್ತರ ಸುಮಾರಿಗೆ. ಸಂಡೂರಿನ ಕಡೆಯ ಅದಿರಿನ ವ್ಯಾಪಾರದ ಮನೆಯ ಹುಡುಗಿ, ಬಳ್ಳಾರಿಯಲ್ಲಿ ಕಾಲೇಜು ಕಂಡವಳು. ಗಂಡ ವಿರುಪಾಕ್ಷಪ್ಪ ಮುಂಬಯಿಗೆ ಹೋದಾಗಲೆಲ್ಲ ಹೆಂಡತಿಗೊಂದು ತೊಗಲಿನ ಕೈಚೀಲ ತರುತ್ತಿದ್ದ. ದೊಡ್ಡ ಅಂಗಡಿಯವು, ಒಂದೊಂದರ ಬೆಲೆ ಕೇಳಿದರೆ ಗಿರಣಿಯ ಗುಮಾಸ್ತರು ತಮ್ಮ ಎಷ್ಟು ತಿಂಗಳ ಸಂಬಳವೆಂದು ಲೆಕ್ಕ ಹಾಕುತ್ತಿದ್ದರು. ಆದರೆ ಅತ್ತೆ ಸಂಗಮ್ಮ ಅವನ್ನು ಒಳಗೆ ಬಿಡಲಿಲ್ಲ. ಲಿಂಗ ಕಟ್ಟಿಕೊಂಡ ಮನೆ, ಚಪ್ಪಲಿ ಎಲ್ಲಿ ಬಿಡುತ್ತೇವೋ ಅಲ್ಲೇ ಅವುಗಳ ಜಾಗ ಎಂದಳು. "ಚರ್ಮದ ಕರಾ ಬಗಲಾಗ ಇಟಗಂಡು ತಿರಗಾಡತಾಳ ನಮ್ಮ ಸೊಸಿ, ಆಕಳ ಮುಂದ ಇಟ್ರ ಹಾಲು ಇಳಿಸ್ತದೇನೋ ಕೇಳ್ರಿ" ಎಂದು ಬಂದವರ ಮುಂದೆ ನಗೆಯಾಡುವಳು. ಹೀಗೆ ಚೀಲಗಳು ಅಂಗಳದ ಆಚೆ, ಗಿರಣಿಗೆ ಬೆನ್ನು ಮಾಡಿದ್ದ ಹೊರಗಿನ ಕೋಣೆ ಸೇರಿದವು.

ಒಂದು ಮಳೆಗಾಲ ಕಳೆಯುವುದರೊಳಗೆ ಅವು ಕುಸಿದು ಬೂಸಲು ಹಿಡಿದವು. ಕೊಟ್ರಮ್ಮ ಅವನ್ನು ಕಟ್ಟೆಯ ಮೇಲೆ ಬಿಸಿಲಿಗೆ ಹರವಿ ಕೂತಿದ್ದಾಗ ದ್ಯಾಮಕ್ಕ ಪುಟ್ಟಿ ಹೊತ್ತು ಆ ದಾರಿಯಲ್ಲಿ ಬಂದಳು. ನೋಡಿ ಮುಂದೆ ಹೋಗಲಾಗಲಿಲ್ಲ. ದೂರವೇ ನಿಂತು, ಬಿಸಿಲಲ್ಲಿ ಇಡಬೇಡಿರಿ ಎಂದಳು. ನಿನಗೇನು ಗೊತ್ತು ಎಂದು ಕೊಟ್ರಮ್ಮ ಕೇಳಿದಳು, ಸಿಟ್ಟಿನಿಂದಲ್ಲ.

"ನಮ್ಮಪ್ಪ ಬಾನೆ ಹೊಲಿತಿದ್ದರಿ ಅವ್ವಾ. ಇದರ ಹೊಟ್ಯಾಗ ಏನೂ ಇಲ್ಲ ನೋಡ್ರಿ. ಖಾಲಿ ಇಟ್ರ ತೊಗಲು ತಾನು ಏನಾಗಿದ್ದೆ ಅನ್ನೋದನ್ನ ಮರೀತದ."

ಮರುದಿನದಿಂದ ದ್ಯಾಮಕ್ಕ ಉಮಿಯ ಕಡೆ ಹೋಗಲಿಲ್ಲ. ಕೊಟ್ರಮ್ಮ ಚೀಲಗಳನ್ನು ಅವಳಿಗೇ ಒಪ್ಪಿಸಿದಳು, ಹೊರಗಿನ ಕೋಣೆ ಅವಳದಾಯಿತು. ಕೋಣೆಯನ್ನು ಗುಡಿಸಿ, ಗೋಡೆಗೆ ಸುಣ್ಣ ಹೊಡೆದು, ಕಿಟಕಿಗೆ ಒದ್ದೆ ಗೋಣಿ ಕಟ್ಟುವುದನ್ನು ನಿಲ್ಲಿಸಿದಳು. ತೊಗಲಿಗೆ ತಂಪು ಬೇಕು, ತೇವ ಬೇಡ. ಹಳೆಯ ಮಲ್ಲಿನ ಸೀರೆಗಳನ್ನು ಗಂಜಿ ಹೋಗುವಂತೆ ಒಗೆದು, ಬೂರುಗದ ಹತ್ತಿ ತುಂಬಿ, ಪ್ರತಿ ಚೀಲಕ್ಕೂ ಅದರದೇ ಅಳತೆಯ ಸಣ್ಣ ದಿಂಬು ಹೊಲಿದಳು. ಬಿಗಿಯಾಗಿ ತುಂಬಿದರೆ ಹೊಲಿಗೆ ಜಗ್ಗುತ್ತದೆ, ಸಡಿಲವಾದರೆ ಮೂಲೆ ಕುಸಿಯುತ್ತದೆ. ಕೈಯಿಟ್ಟು ನೋಡಿ ನೋಡಿ ಹದ ಹಿಡಿದಳು. ಕೊಟ್ರಮ್ಮ ಮೊದಲು ತುರುಕಿದ್ದ ಪೇಪರುಗಳನ್ನು ತೆಗೆದೆಸೆದಳು, ಒಳಬಟ್ಟೆಗೆ ಅಕ್ಷರ ಹತ್ತಿದ್ದವು. ಹಿಡಿಕೆ ಹಿಡಿದು ಗೂಟಕ್ಕೆ ತೂಗುಹಾಕಲು ಬಿಡಲಿಲ್ಲ. ಒಂದು ಚೀಲದ ಕೊಂಡಿ ಇನ್ನೊಂದರ ಮೈಗೆ ಒತ್ತದ ಹಾಗೆ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲೆ ಒಗೆದ ಬಟ್ಟೆಯ ಮುಸುಕು ಹಾಕಿದಳು. ವಾರಕ್ಕೊಮ್ಮೆ ಬೆಳಗಿನ ಗಾಳಿಗೆ ಬಾಯಿ ತೆರೆದಿಡುವಳು.

ಗಿರಣಿಯ ಮೇಸ್ತ್ರಿ ಪಕೀರಪ್ಪ ಆ ಕಡೆ ಬಂದಾಗಲೆಲ್ಲ ಇಣುಕಿ, "ಏನಬೇ ಸೂಲಗಿತ್ತಿ, ಎಷ್ಟು ಹೆತ್ತಾವು ನಿನ್ನ ಚೀಲ?" ಎನ್ನುವನು. "ನಿನ್ನ ತೆಲಿಗಿಂತ ತುಂಬ್ಯಾವ ಬಿಡು" ಎನ್ನುವಳು ಇವಳು.

ಮೂರು ನಾಲ್ಕು ತಿಂಗಳಲ್ಲಿ ಕೆಮ್ಮು ಇಳಿಯಿತು. ಕೊಡ ಎತ್ತುವಷ್ಟು ಎದೆ ಬಂತು. ಸುಗ್ಗಿಯ ಪದ ಹೇಳುವಾಗ ಮಧ್ಯೆ ನಿಲ್ಲಿಸುತ್ತಿದ್ದವಳು ಕೊನೆಯವರೆಗೂ ಹೇಳಿದಳು. ಗೋಡೆಯಾಚೆ ಹೊನ್ನೂರಮ್ಮನಿಗೆ ಕೇಳಿಸಿತು. ಕೊಟ್ರಮ್ಮನಿಗೆ ಇದು ಯಾವುದೂ ಗೊತ್ತಿರಲಿಲ್ಲ. ತೊಗಲು ಬಲ್ಲವಳು, ಅದಕ್ಕೇ ಇಲ್ಲಿ ಕೂತಿದ್ದಾಳೆ ಎಂದಷ್ಟೇ ಅವಳ ತಿಳುವಳಿಕೆ. ತನ್ನ ಉಸಿರು ಆ ಕೋಣೆಯಲ್ಲಿದೆ ಎಂದು ದ್ಯಾಮಕ್ಕ ಹೇಳಲಿಲ್ಲ. ಎದೆರೋಗದವಳ ಕೈಯ ದಿಂಬು ಯಾರಿಗೆ ಬೇಕು ಎಂಬ ಅಂಜಿಕೆ ಒಳಗಿತ್ತು.

ಚೀಲಗಳಲ್ಲಿ ಒಂದು ಬೇರೆ. ಕೆನೆ ಬಣ್ಣದ್ದು, ಮೈ ಮುಟ್ಟಿದರೆ ಎಳೆ ಮಗುವಿನ ಅಂಗಾಲಿನ ಹಾಗೆ. ಕೊಟ್ರಮ್ಮನ ಅಣ್ಣ ಉಜ್ಜಿನಪ್ಪ ವಿದೇಶಕ್ಕೆ ಹೋಗಿದ್ದಾಗ ತಂಗಿಗೆಂದು ತಂದದ್ದು. ತಂದುಕೊಟ್ಟ ವರ್ಷವೇ ಸಂಡೂರಿನ ಘಾಟಿನಲ್ಲಿ ಅವನ ಜೀಪು ಉರುಳಿತು. ಕೊಟ್ರಮ್ಮ ಆ ಚೀಲವನ್ನು ಯಾವ ಮದುವೆಗೂ ಒಯ್ಯಲಿಲ್ಲ. ತಿಂಗಳಿಗೊಮ್ಮೆ ಹೊರಗಿನ ಕೋಣೆಗೆ ಬಂದು ಮುಸುಕು ತೆಗೆಸಿ, ಸ್ವಲ್ಪ ಹೊತ್ತು ನೋಡಿ, ಕೊಂಡಿಯನ್ನು ಒಮ್ಮೆ ತೆರೆದು ಮುಚ್ಚಿ ಹೋಗುವಳು. ಆಗ ದ್ಯಾಮಕ್ಕ ಗೋಡೆಯ ಕಡೆ ಮುಖ ಮಾಡಿ ಕೂರುವಳು. ಅಣ್ಣ ಕೊಟ್ಟಾಗ ಹೇಗಿತ್ತೋ ಹಾಗೇ ಇರಬೇಕು, ಅಷ್ಟೇ ನನಗೆ ಬೇಕಾದ್ದು ಎಂದು ಕೊಟ್ರಮ್ಮ ಒಂದು ಸಲ ಹೇಳಿದ್ದಳು.

ಕೆಲವು ವರ್ಷ ಕಳೆದ ಮೇಲೆ ಬಂದ ಒಂದು ಬೇಸಿಗೆ ಬಹಳ ಕೆಟ್ಟದಾಗಿತ್ತು. ಕಾಲುವೆಗೆ ನೀರು ಬರುವುದು ನಿಂತು, ಗದ್ದೆಗಳು ಬಾಯಿಬಿಟ್ಟು, ಮಧ್ಯಾಹ್ನ ಬಾಗಿಲ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಕೊಟ್ರಮ್ಮ ಅಣ್ಣನ ವರ್ಷದ ಪೂಜೆಗೆ ತವರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಮುಸುಕು ತೆಗೆದಾಗ ದ್ಯಾಮಕ್ಕನ ಕಣ್ಣಿಗೆ ಬಿತ್ತು: ಕೆನೆ ಚೀಲದ ಹಿಡಿಕೆಯ ಬುಡದಲ್ಲಿ ಕೂದಲೆಳೆಯಂಥ ಗೆರೆ. ಬೆರಳಿನಿಂದ ಸವರಿದಳು. ಒಣಗಿತ್ತು. ಇನ್ನೊಂದು ವಾರ ಬಿಟ್ಟರೆ ಸೀಳುತ್ತದೆ ಎನಿಸಿತು. ಕೇಳೋಣವೆಂದರೆ ಕೊಟ್ರಮ್ಮ ಇಲ್ಲ. ಸಂಗಮ್ಮನನ್ನು ಕೇಳಿದರೆ ಸುಟ್ಟುಬಿಡು ಎಂದಾಳು. ಅಪ್ಪ ಇದ್ದಿದ್ದರೆ ಒಂದು ಕ್ಷಣವೂ ಯೋಚಿಸುತ್ತಿರಲಿಲ್ಲ.

ಕೇರಿಗೆ ಹೋಗಿ ಬಟ್ಟಲಲ್ಲಿ ಹರಳೆಣ್ಣೆ ತಂದು ಬೆಚ್ಚಗೆ ಮಾಡಿದಳು. ಮೆತ್ತನೆಯ ಅರಿವೆ ಅದ್ದಿ ಹಿಡಿಕೆಗೆ ಹಚ್ಚಿದಳು. ತೊಗಲು ಕುಡಿಯಿತು. ಹಚ್ಚಿದ ಜಾಗ ಕಪ್ಪಾಯಿತು. ಬಾನೆಯೂ ಮೊದಲು ಕಪ್ಪಾಗಿ ಆಮೇಲೆ ತಿಳಿಯಾಗುತ್ತಿತ್ತು. ಇಡೀ ಮೈಗೆ ಹಚ್ಚಿದರೆ ಒಂದೇ ಬಣ್ಣವಾದೀತೆಂದು ಪೂರ್ತಿ ಹಚ್ಚಿದಳು. ತಂಗಡಿ ಗಿಡದ ತೊಗಟೆಯಲ್ಲಿ ಹದವಾಗಿ ನೀರು ಹೊತ್ತ ದಪ್ಪ ತೊಗಲೊಂದನ್ನೇ ಅವಳ ಕೈ ಬಲ್ಲುದು. ಇದು ಬೇರೆ ದೇಶದ, ಬೇರೆ ಹದದ, ವೀಳ್ಯದೆಲೆಯಷ್ಟು ತೆಳ್ಳನೆಯ ತೊಗಲು.

ಮರುದಿನ ಚೀಲ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ನಿಲ್ಲಲಿಲ್ಲ. ಎಣ್ಣೆಗೆ ಮೆತ್ತಗಾದ ಮೈ ದಿಂಬಿನ ಮೇಲೆ ಜೋತುಬಿದ್ದಿತ್ತು. ವರ್ಷಗಟ್ಟಲೆ ಅವಳು ಕಾಪಾಡಿದ್ದ ಅದರ ಭುಜಗಳು ಇಳಿದಿದ್ದವು. ಕಡಲೆಹಿಟ್ಟು ಉದುರಿಸಿದಳು, ತೌಡು ಉದುರಿಸಿದಳು, ಸುಣ್ಣದ ಪುಡಿಯ ಗಂಟು ಒತ್ತಿದಳು. ಮೇಲಿನ ಜಿಡ್ಡು ಹೋಯಿತು, ಒಳಗೆ ಹೋದದ್ದು ಬರಲಿಲ್ಲ.

ಕೊಟ್ರಮ್ಮ ತವರಿನಿಂದ ಬಂದವಳು ನೇರ ಹೊರಗಿನ ಕೋಣೆಗೇ ಬಂದಳು. ದ್ಯಾಮಕ್ಕ ಮುಚ್ಚಿಡಲಿಲ್ಲ. ಮುಸುಕು ತೆಗೆದು ತಾನೇ ತೋರಿಸಿ, ಮಾಡಿದ್ದನ್ನು ಮಾಡಿದ ಹಾಗೆ ಹೇಳಿದಳು. ಕೊಟ್ರಮ್ಮ ಕೂಗಾಡಲಿಲ್ಲ. ಕೊಂಡಿಯನ್ನು ತೆರೆಯಲು ಹೋದಳು. ಚೀಲದ ಬಾಯಿ ಕೈಯಲ್ಲಿ ಮಡಿಸಿಕೊಂಡಿತು.

"ನಾನು ಬರೋತನಕ ತಡೀಬೇಕಿತ್ತು," ಎಂದಳು. "ಇನ್ನ ಇದನ್ನ ಬಿಟ್ಟು ನಿನ್ನ ಮದಲಿನ ಕೆಲಸಕ್ಕ ಹೋಗು, ದ್ಯಾಮಕ್ಕ. ನಿನ್ನ ಮಾರಿ ನೋಡಿದ್ರ ನನಗ ಇದ ನೆನಪಾಗ್ತದ."

ಅದು ಶಿಕ್ಷೆ ಎಂದು ಅವಳು ಹೇಳಿದ್ದಲ್ಲ. ಎಲ್ಲಿಂದ ಕರೆತಂದಿದ್ದಳೋ ಅಲ್ಲಿಗೆ ಕಳಿಸಿದಳು, ಕೂಲಿಯನ್ನೂ ಕಡಿಮೆ ಮಾಡಲಿಲ್ಲ. ಅಂಗಳದಾಚೆಯಿಂದ ಸಂಗಮ್ಮ ಮಾತ್ರ, ಹೊಲಸು ತಂದವರಿಗೆ ಹೊಲಸೇ ಬಂತು ಎಂದು ಗೊಣಗಿದಳು.

ಆ ರಾತ್ರಿಯೂ ಮರುದಿನವೂ ಹೊನ್ನೂರಮ್ಮ ಬೇಡಿಕೊಂಡಳು. ಕೊಟ್ರಮ್ಮನಿಗೆ ಎದೆಯ ವಿಷಯ ಹೇಳು, ಹೆಣ್ಣಿನ ಜೀವ, ಕರಗುತ್ತಾಳೆ ಎಂದಳು. ದ್ಯಾಮಕ್ಕ ತಲೆಯಾಡಿಸಿದಳು. ಆಕೆಯ ಸತ್ತ ಅಣ್ಣನ ಮುಂದೆ ನನ್ನ ಕೆಮ್ಮನ್ನು ಹೇಗೆ ಇಡಲಿ ಎಂಬುದು ಅವಳ ಮಾತು. ಹೊನ್ನೂರಮ್ಮ ತಾನೇ ಹೋಗಿ ಹೇಳುತ್ತೇನೆಂದಾಗ, ಹೇಳಿದರೆ ನಿನ್ನ ಮನೆಯ ನೀರು ಮುಟ್ಟುವುದಿಲ್ಲ ಎಂದು ಆಣೆ ಹಾಕಿದಳು.

ಹೊಸ ಮಳೆಗೆ ಕಾಲುವೆ ತುಂಬಿತು. ಆ ಸಲದ ಭತ್ತದಂಥ ಭತ್ತವನ್ನು ಕಂಪ್ಲಿ ಕಂಡಿರಲಿಲ್ಲ. ಗಿರಣಿ ಹಗಲೂ ರಾತ್ರಿ ನಡೆಯಿತು. ದ್ಯಾಮಕ್ಕನ ಕೆಮ್ಮು ತಿರುಗಿ ಬಂದು ಈ ಸಲ ಎದೆಯಾಳಕ್ಕೆ ಇಳಿಯಿತು. ಪುಟ್ಟಿಗೆ ಅರ್ಧವೇ ತುಂಬುತ್ತಿದ್ದಳು. ಪಕೀರಪ್ಪ ಕಂಡೂ ಕಾಣದಂತಿದ್ದ, ಸೂಲಗಿತ್ತಿ ಎಂದು ಕರೆಯುವುದನ್ನೂ ಬಿಟ್ಟಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕೊಟ್ರಮ್ಮ ಹಿತ್ತಲ ಗೇಟಿನ ಹತ್ತಿರ ಬಂದು ನಿಂತಳು. ಬಟ್ಟೆಯಲ್ಲಿ ಸುತ್ತಿದ ಚೀಲ ಕೈಯಲ್ಲಿತ್ತು. ಮುಂಬಯಿಗೆ ಕಳಿಸಿ ತೋರಿಸಿಯಾಗಿತ್ತು, ಅವರು ಆಗದೆಂದು ಹಿಂದಕ್ಕೆ ಕಳಿಸಿದ್ದರು. ದ್ಯಾಮಕ್ಕನನ್ನು ಕರೆದು ಕೈಗೆ ಕೊಟ್ಟಳು.

"ಇದನ್ನ ಮದಲಿನಂಗ ನಿಲ್ಲಸಾಕ ಬರ್ತದನು? ವರ್ಷ ಹಿಡೀಲಿ, ಎರಡು ವರ್ಷ ಹಿಡೀಲಿ. ಆ ಕೋಣ್ಯಾಗ ಕುಂದ್ರು, ಬ್ಯಾರೆ ಏನೂ ಮಾಡಬ್ಯಾಡ. ಬರ್ತದ ಅನ್ನು."

ಹಿಂದೆ ನಿಂತಿದ್ದ ಹೊನ್ನೂರಮ್ಮ ಸೆರಗು ಜಗ್ಗಿದಳು. ದ್ಯಾಮಕ್ಕ ಚೀಲವನ್ನು ಎರಡೂ ಅಂಗೈಯಲ್ಲಿ ಹಿಡಿದು ನೋಡಿದಳು. ಸುಣ್ಣ ಹೊಡೆದ ಗೋಡೆ, ಬೆಳಗಿನ ಗಾಳಿ, ದೂಳಿಲ್ಲದ ನೆಲ, ಎಲ್ಲವೂ ಒಂದು ಹೂಂಗುಟ್ಟುವ ದೂರದಲ್ಲಿತ್ತು. ತಿಂಗಳಿಗೊಮ್ಮೆ ಈ ಹೆಣ್ಣುಮಗಳು ಬಂದು ಮುಸುಕು ತೆಗೆಸುತ್ತಾಳೆ. ಸ್ವಲ್ಪ ತಿಳಿಯಾಗಿದೆಯೇ, ಸ್ವಲ್ಪ ನೆಟ್ಟಗಾಗಿದೆಯೇ ಎಂದು ಕೇಳುತ್ತಾಳೆ. ಪ್ರತಿ ತಿಂಗಳೂ ಒಂದು ಸುಳ್ಳು ಹೇಳಬೇಕು.

"ಬರಂಗಿಲ್ಲರಿ ಅವ್ವಾ," ಎಂದಳು. "ಎಣ್ಣಿ ಕುಡಿದ ತೊಗಲು ತಿರುಗಿ ಕಕ್ಕಂಗಿಲ್ಲ. ಇದರ ಆಸೆ ಬಿಟ್ಟುಬಿಡ್ರಿ."

ಹೇಳುತ್ತಲೇ ಕೆಮ್ಮು ಬಂತು. ಮುಖ ತಿರುಗಿಸಿ, ಉಮಿ ಗಂಟಲಿಗೆ ಹೋಯಿತೆಂದಳು. ಕೊಟ್ರಮ್ಮ ಚೀಲ ತೆಗೆದುಕೊಂಡು ಹೋದಳು.

"ಹೂಂ ಅಂದಿದ್ರ ನಿನ್ನ ಗಂಟೇನು ಹೋಗತಿತ್ತಬೇ?" ಎಂದು ಹೊನ್ನೂರಮ್ಮ ಅತ್ತಳು. ದ್ಯಾಮಕ್ಕ ಪುಟ್ಟಿ ಎತ್ತಿಕೊಂಡಳು.

ಬೇಸಿಗೆ ಬೆಳೆಯ ಭತ್ತ ಬರುತ್ತಿದ್ದ ದಿನಗಳಲ್ಲಿ ಬಾಯ್ಲರಿನ ಒಲೆಗೆ ಸುರಿದು ತಿರುಗುವಾಗ ಅವಳು ಕುಸಿದಳು. ಹೊನ್ನೂರಮ್ಮ ಓಡಿಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಖ ಒರೆಸಿದಳು. ಪಕೀರಪ್ಪ ನೀರು ತಂದ. ನೀರು ಒಳಗೆ ಹೋಗಲಿಲ್ಲ.

ಸಂಜೆ ಹೊಳೆಯ ಕಡೆ ಮಣ್ಣು ಮಾಡಿದರು. ಆಕೆಗೆ ಐವತ್ತೂ ತುಂಬಿರಲಿಲ್ಲ. ಗಂಡನಿಗೆ ಹೇಳಿ ಕಳಿಸಿದ್ದರೂ ಅವನು ಬರಲಿಲ್ಲ, ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಹೊನ್ನೂರಮ್ಮ ತನ್ನದೊಂದು ಹಿಡಿ ಮಣ್ಣು ಹಾಕಿದಳು. ಸ್ವಲ್ಪ ತಡೆದು, ಬಾರದವರ ಪಾಲಿನದು ಎಂದು ಇನ್ನೊಂದು ಹಿಡಿ ಹಾಕಿದಳು.