ಬಾದಾಮಿ ಮರದ ಹುಳು

ಆ ಬೀದಿಯ ಇಸ್ತ್ರಿಯವನಿಗೆ ಎಲ್ಲರೂ ಇಟ್ಟ ಹೆಸರು ಹುಳಪ್ಪ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಆಟಿಕೆಯಂತೆ ಆಡಿಸುವ ಗಂಡಸು, ಹುಳು ಕಂಡರೆ ಮಾತ್ರ ಗಾಡಿ ಬಿಟ್ಟು ಓಟ ಕೀಳುತ್ತಿದ್ದ. ಹಣೆಬರಹ ನೋಡಿ, ಪಾಪ, ಅವನ ಗಾಡಿ ನಿಂತದ್ದೇ ಹುಳುವಿನ ಮರದ ಕೆಳಗೆ!

ವರ್ಷಕ್ಕೊಮ್ಮೆ ಕಂದು ಬಣ್ಣದ ದೊಡ್ಡ ಪತಂಗಗಳು ಬಂದು ಬಾದಾಮಿ ಮರದಲ್ಲಿ ಮೊಟ್ಟೆ ಇಡುತ್ತಿದ್ದವು. ಪಕ್ಕದಲ್ಲೇ ಮಾವು, ಬೇವು ಇದ್ದರೂ ಆ ಮಹಾರಾಯರಿಗೆ ಬಾದಾಮಿಯೇ ಆಗಬೇಕು. ಮರಿಹುಳುಗಳು ಎಲೆ ತಿಂದು ಹೆಬ್ಬೆರಳಿನಷ್ಟು ಕೊಬ್ಬಿ, ಬಟ್ಟೆಗಳ ಮೇಲೆ ದೊಪ್ಪನೆ ಬೀಳುತ್ತಿದ್ದವು. ಬೋಳಾದ ಮರ ತಾನಾಗಿಯೇ ಮತ್ತೆ ಚಿಗುರುತ್ತಿತ್ತು.

ಒಮ್ಮೆ ಡಾಕ್ಟರ ಬಿಳಿ ಕೋಟಿನ ಮಡಿಕೆಯೊಳಗೆ ಹುಳುವೊಂದು ಸೇರಿಕೊಂಡಿತ್ತು. ಇವನು ನೋಡದೆ ಇಸ್ತ್ರಿ ಎಳೆದ. ಕೋಟಿನ ಎದೆಯ ಮೇಲೆ ಅಂಗೈ ಅಗಲ ಹಸಿರು ಕಲೆ! ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಇವನಿಗೆ ಪಿತ್ತ ನೆತ್ತಿಗೇರಿತು. ಅಂದಿನಿಂದ ಸಂಜೆ ಪೆಟ್ಟಿಗೆಯಲ್ಲಿ ಉಳಿದ ಕೆಂಡ, ಬೂದಿಯನ್ನೆಲ್ಲ ಮರದ ಬುಡಕ್ಕೆ ಸುರಿಯತೊಡಗಿದ, ಉದುರಿದ ಹುಳುಗಳು ಬೆಂದು ಸಾಯಲಿ ಎಂದು.

"ಬೇಡ ಕಣ್ರೀ, ಬೇರು ಸುಡುತ್ತೆ," ಅಂದಳು ಹೆಂಡತಿ.

"ಇಷ್ಟು ದೊಡ್ಡ ಮರಕ್ಕೆ ಏನಾಗುತ್ತೆ? ಸುಮ್ನಿರೇ."

ಹುಳುಗಳು ಹೋದವು. ಚಿಗುರೂ ಬರಲಿಲ್ಲ.

ಈಗ ಮಟಮಟ ಮಧ್ಯಾಹ್ನ ತಲೆಯ ಮೇಲೆ ಬಿಸಿಲು, ಕೈಯಲ್ಲಿ ಕೆಂಡ. ಗಾಡಿ ನಿಲ್ಲಿಸಲು ಬೀದಿಯಲ್ಲಿ ಬೇರೆ ಜಾಗವಿಲ್ಲ. "ಕೂತ ಕೊಂಬೆಯನ್ನೇ ಕಡಕೊಂಡೆನಲ್ಲೇ," ಎಂದು ಹೆಂಡತಿಯ ಮುಂದೆ ಅತ್ತ. ಬೂದಿ ಕೆರೆದು ತೆಗೆದ, ಹೊಸ ಮಣ್ಣು ಹಾಕಿದ, ದಿನಾ ನೀರು ಹೊತ್ತ. ವರ್ಷ ಕಳೆದರೂ ಮರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮರ ಕಡಿಯುವವರು ಹಗ್ಗ, ಗರಗಸ ಹಿಡಿದು ಬಂದೇಬಿಟ್ಟರು.

"ಗಾಡಿ ಎಳ್ಕೋ ಹುಳಪ್ಪ. ಸತ್ತ ಮರ, ಯಾರ ತಲೆ ಮೇಲಾದ್ರೂ ಬಿದ್ದೀತು."

ಬಟ್ಟೆಗಂಟು ತೂಗುಹಾಕುವ ಮೊಳೆಯನ್ನಾದರೂ ಕಿತ್ತುಕೊಳ್ಳೋಣವೆಂದು ಕಾಂಡಕ್ಕೆ ಕೈ ಹಾಕಿದ. ಮೊಳೆಯ ಪಕ್ಕದಲ್ಲೇ ಹಸಿರು ಹುಳುವೊಂದು ಮೆಲ್ಲಗೆ ಇಳಿದು ಬರುತ್ತಿತ್ತು.

ಹುಳಪ್ಪ ಓಡಿದ. ರಸ್ತೆಗಲ್ಲ, ಗರಗಸದವನ ಹತ್ತಿರ.

"ನಿಲ್ಸಿ! ಈ ನನ್ಮಗಂದು ಬಾದಾಮಿ ಎಲೆ ಬಿಟ್ಟು ಬೇರೇನೂ ಮುಟ್ಟಲ್ಲ. ಮೇಲೆಲ್ಲೋ ಎಲೆ ಇದೆ, ಹತ್ತಿ ನೋಡ್ರಪ್ಪಾ, ನಿಮ್ಮ ದಮ್ಮಯ್ಯ!"

ಅವರಲ್ಲೊಬ್ಬ ಗೊಣಗುತ್ತ ಹತ್ತಿದ. ಪಕ್ಕದ ಮನೆಯ ಮಹಡಿಯ ನೀರಿನ ಟ್ಯಾಂಕಿನ ಹಿಂದೆ, ಕೆಳಗಿನಿಂದ ಕಾಣದಂತೆ ಬಾಗಿದ್ದ ತುದಿಕೊಂಬೆಯ ಹತ್ತಿರ ಹೋಗಿ ಕೂಗಿದ: "ಅಯ್ಯೋ, ಇಲ್ಲಿ ಗೊಂಚಲು ಗೊಂಚಲು ಚಿಗುರಿದೆ! ಮರಕ್ಕೆ ಜೀವ ಇದೆ ಕಣ್ರೋ!"

ಹಗ್ಗ ಸುತ್ತಿಕೊಂಡು ಅವರು ಹೊರಟರು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಏನ್ರೀ ಅದು, ನಿಮ್ಮ ಕೈಯಲ್ಲಿ?"

ಆಗಲೇ ಅವನು ತನ್ನ ಅಂಗೈ ನೋಡಿಕೊಂಡದ್ದು. ತೋರಿಸುವ ಭರದಲ್ಲಿ ಹುಳುವನ್ನೇ ಹಿಡಿದು ಓಡಿಬಿಟ್ಟಿದ್ದ! ಆದರೂ ಕೈ ಕೊಡವಲಿಲ್ಲ. ಕಾಂಡದ ಹತ್ತಿರ ಹೋಗಿ ಹುಳುವನ್ನು ಮೆಲ್ಲಗೆ ಬಿಟ್ಟ.

"ಹತ್ತು ಮಾರಾಯ, ಹತ್ತು," ಎಂದ. "ಹೊಟ್ಟೆ ತುಂಬ ತಿನ್ನು."