ತಾಂಡೇಲ ಹೇಳದ ಗುರುತು

ಮೋಕ್ಷಿತಾ ಸಂಸ್ಕೃತ ಹಿಡಿದದ್ದು ಭಕ್ತಿಯಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಿಡಿದದ್ದು ಅಂಕಕ್ಕಾಗಿ. ಪಿಯುಸಿಗೆ ಸೇರುವ ದಿನ ಕಾಲೇಜಿನ ಗುಮಾಸ್ತ, ಕನ್ನಡ ತೆಗೆದುಕೊಂಡರೆ ತೊಂಬತ್ತು ದಾಟುವುದು ಕಷ್ಟ, ಸಂಸ್ಕೃತವಾದರೆ ತೊಂಬತ್ತೆಂಟು ಗ್ಯಾರಂಟಿ ಎಂದ. ಗಂಗೊಳ್ಳಿಯಿಂದ ಹೋಗಿದ್ದ ಹುಡುಗಿಯರೆಲ್ಲ ಒಟ್ಟಿಗೇ ದೇವಭಾಷೆಯ ಕಡೆ ವಾಲಿದರು. ಪರೀಕ್ಷೆ ಮುಗಿದ ಮರುದಿನ ಉಳಿದವರು ಅದನ್ನು ಮರೆತೂ ಬಿಟ್ಟರು. ಇವಳಿಗೆ ಮಾತ್ರ ಉದ್ದನೆಯ ಸಮಾಸವೊಂದನ್ನು ಬಿಡಿಸಿ, ಗಂಟು ಎಲ್ಲಿ ಬಿದ್ದಿದೆ ನೋಡಿ, ಮತ್ತೆ ಜೋಡಿಸುವ ಕೆಲಸ ಬಿಟ್ಟಿರಲಾರದಷ್ಟು ಹಿಡಿಸಿತು. ಬಲೆ ಹೆಣೆಯುವವರ ಮನೆಯ ಕೈ, ಸುಮ್ಮನೆ ಕೂರುವುದಿಲ್ಲ.

ತಂದೆ ಶೀನ ಮೊಗವೀರ ಗಂಗೊಳ್ಳಿ ಬಂದರಿನ ಒಂದು ಬೋಟಿನ ತಾಂಡೇಲ. ಕಡಲಲ್ಲಿ ಬೋಟು ಎತ್ತ ತಿರುಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವನು ಅವನೇ. ತಾಯಿ ಸುಗುಣ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಮಗಳು ಬಿ.ಎ.ಗೂ ಸಂಸ್ಕೃತವನ್ನೇ ತೆಗೆದುಕೊಂಡಾಗ ಕೇರಿಯವರು ನಗಾಡಿದರು. ಇನ್ನು ಬಂಗುಡೆಗೂ ಮಂತ್ರ ಹೇಳಿ ಮಾರುತ್ತೀಯಾ ಎಂದು ಬಸ್ಸಿನಲ್ಲಿ ಒಬ್ಬಳು ಸುಗುಣಳನ್ನು ಕೇಳಿದಳಂತೆ. ಮಂತ್ರ ಹಾಕಿದ ಬಂಗುಡೆಗೆ ನಿನ್ನ ಹತ್ತಿರ ಹತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತೇನೆ ಎಂದು ಸುಗುಣ ಹೇಳಿದಳಂತೆ. ಬಾಯಿಯ ವಿಷಯದಲ್ಲಿ ಮಗಳು ತಾಯಿಯನ್ನೇ ಹೋತವಳು.

ಆ ಬಾಯಿ ಎಂ.ಎ. ತರಗತಿಯಲ್ಲಿ ಮೊದಲ ವಾರವೇ ಕೆಲಸಕ್ಕೆ ಬಂತು. ಅವಳು ಸೇರಿದ್ದ ಬ್ರಹ್ಮಾವರದ ಅಧ್ಯಯನ ಕೇಂದ್ರದಲ್ಲಿ ಹಿಂದೂ ದರ್ಶನಗಳನ್ನೂ ಸಂಸ್ಕೃತವನ್ನೂ ಒಟ್ಟಿಗೆ ಕಲಿಸುತ್ತಿದ್ದರು. ತರ್ಕದ ಪಾಠ ನಡೆದಿತ್ತು. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಊಹಿಸುತ್ತೇವೆ; ಆದರೆ ಕಂಡದ್ದು ಹೊಗೆಯೇ ಅಲ್ಲದಿದ್ದರೆ? ಹೀಗೆ ಮೋಸಹೋಗುವ ಉದಾಹರಣೆ ಕೊಡಿ ಎಂದು ಪ್ರಣೀತಾ ಮೇಡಂ ಕೇಳಿದಾಗ ತರಗತಿಯೆಲ್ಲ ಪುಸ್ತಕ ಮಗುಚತೊಡಗಿತು. ಮೋಕ್ಷಿತಾ ಎದ್ದು ನಿಂತು, ನಮ್ಮೂರಿನ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಪುಡಿ ಮಾಡುವಾಗ ಬಾಗಿಲಿನಿಂದ ಬೆಳ್ಳಗೆ ಏಳುತ್ತದೆ, ಹೊಸಬರು ಬೆಂಕಿ ಬಿತ್ತೆಂದು ಓಡಿಬರುತ್ತಾರೆ, ಒಳಗೆ ಹೋದರೆ ಕೈ ಮರಗಟ್ಟುತ್ತದೆ ಎಂದಳು. ಮೇಡಂ ಅಂದಿನಿಂದ ಅವಳನ್ನು ಹೆಸರು ಹಿಡಿದು ಕರೆಯತೊಡಗಿದರು.

ಎಂ.ಎ. ಮುಗಿದು ಪಿಎಚ್‌.ಡಿ.ಗೆ ವಿಷಯ ಹುಡುಕುವಾಗ ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಶಾಸ್ತ್ರದವರು ಎರಡು ಸಾವಿರ ವರ್ಷದಿಂದ ಹೊಗೆ, ಬೆಂಕಿ ಎಂದು ಅದೇ ಗುಡ್ಡವನ್ನು ಸುತ್ತುತ್ತಿದ್ದಾರೆ. ತನ್ನ ಅಪ್ಪಯ್ಯ ನೀರಿನ ಮೇಲಿನ ಗುರುತು ನೋಡಿ, ಕಣ್ಣಿಗೆ ಕಾಣದ ಮೀನಿನ ಹಿಂಡು ಎಲ್ಲಿದೆ ಎಂದು ಹೇಳುತ್ತಾನೆ. ಬೋಟಿನಲ್ಲಿ ಫಿಶ್ ಫೈಂಡರ್ ಬಂದ ಮೇಲೂ ಬಲೆ ಬಿಡುವ ಮೊದಲು ಎಲ್ಲರೂ ನೋಡುವುದು ಅವನ ಮುಖವನ್ನೇ. ಶಾಸ್ತ್ರದವರು ಅನುಮಾನ ಎಂದು ಕರೆಯುವ ಊಹೆಗಿಂತ ಇದು ಯಾವುದರಲ್ಲಿ ಕಡಿಮೆ? ತಾಂಡೇಲರ ಊಹೆಯನ್ನು ತರ್ಕಶಾಸ್ತ್ರದ ಅಳತೆಗೋಲಿಗೆ ಹಚ್ಚಿ ನೋಡುವುದೇ ತನ್ನ ಸಂಶೋಧನೆ ಎಂದು ಅವಳು ಸಾರಾಂಶ ಬರೆದು ಕೊಟ್ಟಳು. ಮುಖ್ಯ ಉದಾಹರಣೆ ಚಿಕ್ಕಂದಿನಿಂದ ಅಪ್ಪಯ್ಯನ ಬಾಯಲ್ಲಿ ಕೇಳಿದ್ದು: ಎಲ್ಲಿ ಕಡಲಹಕ್ಕಿಗಳು ಸುತ್ತಿ ಸುತ್ತಿ ಎರಗುತ್ತವೆಯೋ ಅಲ್ಲಿ ಹಿಂಡು ಇದೆ. ಕೆಳಗೆ, ಈ ಮಾತು ಹೇಳಿದ ಆಪ್ತ, ಅಂದರೆ ನಂಬತಕ್ಕ ಸಾಕ್ಷಿ, ಶೀನ ಮೊಗವೀರ, ತಾಂಡೇಲ, ಗಂಗೊಳ್ಳಿ ಎಂದು ಬರೆದಳು. ಆ ಸಾಲು ಬರೆಯುವಾಗ ಆದ ಸಂತೋಷ ಅವಳಿಗೆ ರ‍್ಯಾಂಕ್ ಬಂದಾಗಲೂ ಆಗಿರಲಿಲ್ಲ.

ಜುಲೈ ಎರಡನೆಯ ವಾರ ಕೇಂದ್ರದ ಆಯ್ಕೆ ಸಮಿತಿಯ ಮುಂದೆ ಅದನ್ನು ಮಂಡಿಸಬೇಕಿತ್ತು. ಒಪ್ಪಿದರೆ ಸೀಟು, ಒಪ್ಪದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಮಳೆಗಾಲದ ನಿಷೇಧವಿದ್ದುದರಿಂದ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿಕೊಂಡು ನಿಂತಿದ್ದವು. ಶೀನ ಚಾವಡಿಯಲ್ಲಿ ಬಲೆ ಹರಡಿಕೊಂಡು ಹರಿದ ಕಣ್ಣು ಹೊಲಿಯುತ್ತಿದ್ದ. ಒಂದು ಬೆಳಿಗ್ಗೆ ಮೋಕ್ಷಿತಾ ಎದುರು ಕುಳಿತು ತಾನು ಬರೆದದ್ದನ್ನು ಕನ್ನಡ ಮಾಡಿ ಓದಿ ಹೇಳಿದಳು. ಹಕ್ಕಿಯ ಸಾಲು ಬಂದಾಗ ಅವನ ಕೈ ನಿಂತಿತು.

“ಅದ್ ಸುಳ್ಳ್ ಮಗಾ,” ಎಂದ.

ಅವಳಿಗೆ ತಮಾಷೆ ಅನಿಸಿತು. ಅವನು ನಗುತ್ತಿರಲಿಲ್ಲ.

“ಹಕ್ಕಿ ಕಥಿ ನಾವ್ ಕೇಂಡರಿಗೆಲ್ಲ ಹೇಳುದ್. ಟ್ರಾಲ್ ಬೋಟಿನವ್ರ್ ಬೇಡದ್ ಮೀನ್ ಚೆಲ್ತಾ ಹೋರೆ ಅದ್ರ್ ಹಿಂದೂ ಹಕ್ಕಿ ಬತ್ತ್. ಅದನ್ ಕಂಡ್ಕಂಡ್ ಬಲೆ ಬಿಟ್ರೆ ನೀರೇ ಸಿಕ್ಕುದ್.”

ನಿಜವಾದ ಗುರುತನ್ನು ತಾಂಡೇಲ ಹೊರಗಿನವರಿಗೆ ಹೇಳುವುದಿಲ್ಲ. ಇದು ಈ ಕರಾವಳಿಯ ತಾಂಡೇಲರ ಬರೆಯದ ಕಟ್ಟಳೆ. ಅಣ್ಣನ ಬೋಟಿನ ಗುರುತು ತಮ್ಮನ ಬೋಟಿಗೆ ಗೊತ್ತಿರುವುದಿಲ್ಲ. ಯಾರಾದರೂ ಬೆನ್ನು ಬಿಡದೆ ಕೇಳಿದರೆ ಸಾಗಹಾಕಲಿಕ್ಕೆ ಇರಲಿ ಎಂದು ಒಂದು ಕಥೆ ಇಟ್ಟುಕೊಂಡಿರುತ್ತಾರೆ, ಅದೇ ಹಕ್ಕಿಯ ಕಥೆ. ಶಾಲೆಯ ಮಾಸ್ತರರಿಗೆ, ಪೇಪರಿನವರಿಗೆ, ಮುಂಬೈಯಿಂದ ಬರುವ ನೆಂಟರಿಗೆ ಎಲ್ಲರಿಗೂ ಅದನ್ನೇ ಹೇಳಿ ಕಳಿಸುತ್ತಾರೆ.

“ನಂಗೂ ಹಾಂಗೇ ಹೇಳಿದ್ದಾ ಅಪ್ಪಯ್ಯ?”

“ನೀ ಆಗ ಸಣ್ಣವ್ಳ್. ಮತ್ ಹೆಣ್ ಮಕ್ಳಿಗ್ ಅದ್ ಎಂತಕೆ ಅಂದ್ಕಂಡೆ.”

ಮೋಕ್ಷಿತಾ ಕಾಗದ ಮಡಚಿಕೊಂಡು ಒಳಗೆ ಹೋದಳು. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ನೋವಾಗಿತ್ತು. ಇಷ್ಟು ವರ್ಷ ಆ ಕಥೆಯನ್ನು ಮನೆಯ ಆಸ್ತಿ ಎಂದು ಎದೆ ಉಬ್ಬಿಸಿಕೊಂಡು ಹೇಳಿಕೊಂಡು ತಿರುಗಿದ್ದಳು. ಅಪ್ಪಯ್ಯನ ಲೆಕ್ಕದಲ್ಲಿ ತಾನೂ ಪೇಪರಿನವರ ಸಾಲಿನಲ್ಲೇ ಇದ್ದೆ ಎಂದು ಈಗ ಗೊತ್ತಾಯಿತು.

ಪ್ರಣೀತಾ ಮೇಡಂಗೆ ಫೋನು ಮಾಡಿದಾಗ ಅವರು ಅವಳ ಒಳ್ಳೆಯದಕ್ಕೇ ಒಂದು ಮಾತು ಹೇಳಿದರು: ಹಾಗೇ ಬಿಡು, ಸಮಿತಿಯಲ್ಲಿ ಯಾರೂ ಕಡಲಿಗೆ ಹೋದವರಿಲ್ಲ, ಹಕ್ಕಿಯ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ, ಸೀಟು ಸಿಕ್ಕಿದ ಮೇಲೆ ತಿದ್ದಿದರಾಯಿತು. ಹಾವೂ ಸಾಯದ, ಕೋಲೂ ಮುರಿಯದ ಸಲಹೆ. ಮೋಕ್ಷಿತಾ ಒಂದು ರಾತ್ರಿ ಯೋಚಿಸಿ ಬೇಡವೆಂದಳು. ಸುಳ್ಳೆಂದು ಗೊತ್ತಿದ್ದೂ ಅದನ್ನೇ ಪ್ರಮಾಣವೆಂದು ಮಂಡಿಸುವುದಾದರೆ ಐದು ವರ್ಷ ತರ್ಕ ಓದಿದ್ದು ದಂಡ. ಅದೂ ಅಪ್ಪಯ್ಯನ ಹೆಸರಿನ ಕೆಳಗೆ.

ನಾಲ್ಕು ದಿನ ತಂದೆ ಮಗಳ ನಡುವೆ ಮಾತು ಊಟಕ್ಕೆ ಕರೆಯುವಷ್ಟೇ ಇತ್ತು. ಐದನೆಯ ದಿನ ಸುಗುಣ ಮಾರುಕಟ್ಟೆಯಿಂದ ಬಂದವಳು ಬುಟ್ಟಿ ಕೆಳಗಿಟ್ಟು ಗಂಡನ ಎದುರು ನಿಂತಳು. ಬೇರೆ ಮಾತಿಲ್ಲ.

“ಗಂಡ್ ಮಗ ಇದ್ದಿದ್ರೆ ಹೇಳ್ತಿದ್ರಿ. ಇಪ್ಪುದ್ ಇವ್ಳೊಬ್ಳೇ. ಅದನ್ ಮತ್ ಯಾರಿಗ್ ಕೊಟ್ ಹೋಪುದ್?”

ಮರುದಿನ ಮಳೆ ಹೊಳವಾದಾಗ ಶೀನ ಮಗಳನ್ನು ಕರೆದುಕೊಂಡು ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಹೋದ. ಅಲ್ಲಿ ಕಲ್ಲಿನ ಮೇಲೆ ಕೂರಿಸಿ, ಕಡಲಿನ ಕಡೆ ಬೆರಳು ತೋರಿಸುತ್ತ ಬಹಳ ಹೊತ್ತು ಮಾತನಾಡಿದ. ಏನು ಹೇಳಿದ ಎಂದು ನನ್ನನ್ನು ಕೇಳಬೇಡಿ, ಈ ಕಥೆ ಹೇಳುವವನಿಗೂ ಅದು ಗೊತ್ತಾಗಲಿಲ್ಲ. ಗೊತ್ತಾದದ್ದು ಕೊನೆಯ ಮಾತು ಮಾತ್ರ.

“ಇದನ್ ಕಾಗ್ದದಲ್ ಹಾಕುಕಾಗ. ಯಾರ್ ಕೇಂಡ್ರೂ ಹೇಳುಕಾಗ. ಆತ್ತಾ?”

ಆತ್ತ್ ಎಂದು ಅವಳು ಒಪ್ಪಿಕೊಂಡಳು.

ಒಪ್ಪಿಕೊಂಡದ್ದೇನೋ ಸರಿ, ಈಗ ಮಂಡಿಸುವುದು ಏನನ್ನು? ಬರೆದದ್ದು ಸುಳ್ಳು, ನಿಜವನ್ನು ಬರೆಯುವಂತಿಲ್ಲ. ಉಳಿದದ್ದು ಎಂಟು ದಿನ. ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಮೋಕ್ಷಿತಾ ಅಪ್ಪಯ್ಯ ಹಕ್ಕಿಯ ಕಥೆಯನ್ನು ಹೇಗೆ ಮುರಿದ ಎಂಬುದನ್ನೇ ಮತ್ತೆ ಮತ್ತೆ ನೆನೆದಳು. ಹಕ್ಕಿ ಇದ್ದಲ್ಲಿ ಹಿಂಡು ಇದೆ ಎನ್ನಬೇಕಾದರೆ ಹತ್ತಿರ ಟ್ರಾಲ್ ಬೋಟು ಇರಬಾರದು. ಆ ಷರತ್ತು ಬಿಟ್ಟುಹೋದರೆ ಊಹೆ ಕೆಡುತ್ತದೆ. ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ, ಉಪಾಧಿ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದೆ ಎನ್ನುವಂತಿಲ್ಲ, ಸೌದೆ ಹಸಿಯಾಗಿರಬೇಕು ಎಂದು ಪಂಡಿತರು ಹೇಳುವುದೂ ಇದನ್ನೇ. ಏಳನೆಯ ತರಗತಿಗೆ ಶಾಲೆ ಬಿಟ್ಟ ಅಪ್ಪಯ್ಯ ಬಲೆ ಹೊಲಿಯುತ್ತ ಎರಡು ವಾಕ್ಯದಲ್ಲಿ ಉಪಾಧಿ ತೋರಿಸಿದ್ದ. ಸಿಟ್ಟಿನಲ್ಲಿ ತನಗೇ ಅದು ಕಂಡಿರಲಿಲ್ಲ.

ಅವಳು ನೋಟ್‌ಬುಕ್ಕು ಹಿಡಿದು ಹೊರಟಳು. ಬಂದರಿನಲ್ಲಿ ಬಲೆ ಹೊಲಿಯುತ್ತಿದ್ದ ತಾಂಡೇಲರನ್ನು, ಕಿರಿಮಂಜೇಶ್ವರದ ಕಡೆ ಮನೆಯಲ್ಲೇ ಇರುವ ಮುದುಕರನ್ನು ಹುಡುಕಿಕೊಂಡು ಹೋದಳು. ನಿಮ್ಮ ಗುರುತೇನು ಎಂದು ಯಾರನ್ನೂ ಕೇಳಲಿಲ್ಲ. ಬೇರೆಯವರ ಗುರುತು ಯಾಕೆ ತಪ್ಪು ಎಂದು ಕೇಳಿದಳು. ತನ್ನ ಗುರುತಿನ ವಿಷಯಕ್ಕೆ ಬಾಯಿಗೆ ಬೀಗ ಹಾಕುವ ತಾಂಡೇಲ ಇನ್ನೊಬ್ಬನ ಗುರುತಿನ ಹುಳುಕು ಎತ್ತಿ ಆಡಲು ಕರೆಯದೆಯೇ ಬರುತ್ತಾನೆ. ದೇವು ಎಂಬ ಎಂಬತ್ತರ ಅಜ್ಜ, ನೀರಿನ ಬಣ್ಣ ನೋಡಿ ಬಲೆ ಬಿಡುವವರನ್ನು ಒಂದು ಗಂಟೆ ಬೈದು, ಮೋಡದ ನೆರಳು ಬಿದ್ದರೂ ನೀರು ಹಾಗೆಯೇ ಕಾಣುತ್ತದೆ ಎಂದು ಕಾರಣವನ್ನೂ ಕೊಟ್ಟು, ಚಾ ಕುಡಿಸಿ ಕಳಿಸಿದ. ಒಂದೇ ವಾರದಲ್ಲಿ ಇಪ್ಪತ್ತಮೂರು ಸುಳ್ಳು ಗುರುತುಗಳೂ ಅವುಗಳ ಉಪಾಧಿಗಳೂ ಅವಳ ಕೈಸೇರಿದವು.

ಸಮಿತಿಯ ದಿನ ಸುಗುಣ ತಲೆಗೆ ಅಬ್ಬಲಿಗೆ ಮುಡಿಸಿ ಕಳಿಸಿದಳು. ಬ್ರಹ್ಮಾವರದ ಕೇಂದ್ರದ ಕೋಣೆಯಲ್ಲಿ ಪ್ರಣೀತಾ ಮೇಡಂ, ಇನ್ನಿಬ್ಬರು ಅಧ್ಯಾಪಕರು, ನಡುವೆ ಗೋವರ್ಧನ ಐತಾಳರು. ಐತಾಳರು ತರ್ಕದಲ್ಲಿ ಹಣ್ಣಾದ ವಿದ್ವಾಂಸರು. ಅಭ್ಯರ್ಥಿಗಳಿಗೆ ಕಣ್ಣೀರು ಹಾಕಿಸುತ್ತಾರೆಂದು ಅವರ ಬಗ್ಗೆ ಸುದ್ದಿ ಇತ್ತು. ಮೋಕ್ಷಿತಾ ಮೊದಲ ಮಾತಿಗೇ, ನೀವು ಓದಿರುವ ಸಾರಾಂಶದ ಮುಖ್ಯ ಉದಾಹರಣೆ ತಪ್ಪು ಎಂದಳು. ಮೇಡಂ ಕಣ್ಣು ಮುಚ್ಚಿಕೊಂಡರು. ಆಮೇಲೆ ಅವಳು ಅದು ಯಾಕೆ ತಪ್ಪು, ಯಾರು ತೋರಿಸಿದರು, ಇಪ್ಪತ್ತಮೂರು ಗುರುತುಗಳನ್ನು ಶಾಸ್ತ್ರ ಓದದವರು ಹೇಗೆ ಶಾಸ್ತ್ರದ ಕ್ರಮದಲ್ಲೇ ಮುರಿಯುತ್ತಾರೆ ಎಂದು ಒಂದೊಂದಾಗಿ ಬಿಡಿಸಿಟ್ಟಳು.

ಐತಾಳರು ಎರಡು ಪ್ರಶ್ನೆ ಕೇಳಿದರು. ಮೀನು ಹಿಡಿಯುವವರನ್ನು ಆಪ್ತರೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ ಎಂಬುದು ಒಂದು. ತಾನು ಕಂಡದ್ದನ್ನು ಕಂಡ ಹಾಗೆ ಹೇಳುವವನು ಆಪ್ತ, ಅವನ ಕುಲ ಕೇಳಬೇಕೆಂದು ಶಾಸ್ತ್ರ ಎಲ್ಲಿಯೂ ಹೇಳಿಲ್ಲ ಎಂದು ಅವಳು ಸಂಸ್ಕೃತದಲ್ಲೇ ಉತ್ತರ ಕೊಟ್ಟಳು. ಅವರು ತಲೆಯಾಡಿಸಿ ಎರಡನೆಯದಕ್ಕೆ ಬಂದರು.

“ಸುಳ್ಳು ಗುರುತುಗಳಾಯಿತು. ನಿಜವಾದದ್ದು ನಿಮಗೆ ಗೊತ್ತುಂಟಾ?”

“ಗೊತ್ತುಂಟು ಸರ್. ಹೇಳುವುದಿಲ್ಲ.”

ಒಬ್ಬ ಅಧ್ಯಾಪಕರು, ಮುಚ್ಚಿಟ್ಟುಕೊಂಡು ಸಂಶೋಧನೆ ಮಾಡಲಾಗುವುದಿಲ್ಲ, ಹೇಳದಿದ್ದರೆ ಶಿಫಾರಸು ಕಷ್ಟ ಎಂದು ಸ್ಪಷ್ಟವಾಗಿಯೇ ಹೇಳಿದರು. ಎರಡು ಮಾತು ಹೇಳಿದರೆ ಸೀಟು ಕೈಯಲ್ಲಿ. ಗಂಗೊಳ್ಳಿಗೆ ಯಾರು ಹೋಗಿ ಹೇಳುತ್ತಾರೆ? ಆದರೂ ಮೋಕ್ಷಿತಾ ನಿಧಾನವಾಗಿ, ನನ್ನ ಪ್ರತಿಜ್ಞೆ, ಅಂದರೆ ನಾನು ಸಾಧಿಸಿ ತೋರಿಸಬೇಕಾದದ್ದು, ತಾಂಡೇಲರು ತಪ್ಪು ಊಹೆಯನ್ನು ಹೇಗೆ ಹಿಡಿಯುತ್ತಾರೆ ಎಂಬುದಷ್ಟೇ; ಅದಕ್ಕೆ ಬೇಕಾದ ಪ್ರಮಾಣವೆಲ್ಲ ಮೇಜಿನ ಮೇಲಿದೆ; ನಿಜವಾದ ಗುರುತು ಇದಕ್ಕೆ ಬೇಡ, ಕೊಡಲಿಕ್ಕೆ ಅದು ನನ್ನದೂ ಅಲ್ಲ ಎಂದಳು.

ಐತಾಳರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಗುರುಗಳೂ ಒಂದು ಪಾಠವನ್ನು ಹನ್ನೆರಡು ವರ್ಷ ಕಾಯಿಸಿ ಕೊಟ್ಟದ್ದೆಂದೂ, ಅದನ್ನು ತಾವು ಇಂದಿಗೂ ಎಲ್ಲಿಯೂ ಬರೆದಿಲ್ಲವೆಂದೂ ಪಕ್ಕದವರಿಗೆ ಹೇಳಿ, ಕಾಗದದ ಮೇಲೆ ಸಹಿ ಹಾಕಿದರು. ಉಳಿದವರೂ ಸಹಿ ಹಾಕಿದರು.

ಸಂಜೆ ತ್ರಾಸಿಯಲ್ಲಿ ಬಸ್ಸು ಬದಲಿಸಿ ಅವಳು ಮನೆಗೆ ಬಂದಾಗ ಶೀನ ಜಗಲಿಯಲ್ಲೇ ಕುಳಿತಿದ್ದ. ಸೀಟು ಸಿಕ್ಕಿತೆಂದು ಫೋನಿನಲ್ಲೇ ತಿಳಿದಿತ್ತು. ಸುಗುಣ ಆಗಲೇ ಕೇರಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಳು. ಅವನಿಗೆ ಬೇಕಾಗಿದ್ದುದು ಬೇರೆ.

“ಅದನ್ ಕೇಂಡ್ರಾ?”

“ಕೇಂಡ್ರ್.”

“ಹೇಳ್ದ್ಯಾ?”

“ಇಲ್ಲೆ. ಹೇಳದಿರೆ ಸೀಟ್ ಇಲ್ಲೆ ಅಂದ್ರ್. ಆದ್ರೂ ಹೇಳ್ಲಿಲ್ಲೆ.”

ಶೀನ ಮಗಳ ಮುಖವನ್ನು ಬಹಳ ಹೊತ್ತು ನೋಡಿದ. ಬಲೆ ಬಿಡುವ ಮೊದಲು ನೀರನ್ನು ನೋಡುವುದು ಹಾಗೆಯೇ ಎಂದು ಅವನ ಬೋಟಿನವರು ಹೇಳುತ್ತಾರೆ. ಆಮೇಲೆ ಜಗಲಿಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

“ಆವತ್ ಹೇಳಿದ್ದ್ ಅರ್ಧವೇ ಮಗಾ,” ಎಂದ. “ಕೂಕೊ, ಉಳ್ದದ್ ಹೇಳ್ತೆ.”