ಬರಿಗಾಲಿನ ಅಯ್ಯನವರು

ಅಯ್ಯನವರ ಹಣೆಯ ವಿಭೂತಿ ಮಧ್ಯಾಹ್ನವಾಗುವಷ್ಟರಲ್ಲಿ ಬೆವರಿಗೆ ಕರಗಿ, ಎರಡೂ ಹುಬ್ಬು ಬೆಳ್ಳಗಾಗಿರುತ್ತಿದ್ದವು. ಕಂಪ್ಲಿಯ ಬಿಸಿಲೆಂದರೆ ಸುಮ್ಮನೆಯೇ? ಅದನ್ನು ಒರೆಸಿಕೊಳ್ಳದೆ, ಹೆಗಲಿಗೆ ಜೋಳಿಗೆ ಹಾಕಿಕೊಂಡು ನಮ್ಮ ಓಣಿಗೆ ಬರುತ್ತಿದ್ದರು. ನಮ್ಮ ಮನೆತನದ ಜಂಗಮರು, ದಪ್ಪ ಆಳು. ಸಕ್ಕರೆ ಕಾಯಿಲೆ, ಜೊತೆಗೆ ದಮ್ಮು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೋಳಿಗೆ ಕಂಡರೆ ಮಾತ್ರ ಎರಡೂ ಕಾಯಿಲೆ ಮರೆತುಹೋಗುತ್ತಿದ್ದವು.

ಹಬ್ಬ ಹುಣ್ಣಿಮೆಗೆ ಅವರು ಮನೆಗೆ ಬಂದರೆ ಅಪ್ಪ ಅವರ ಪಾದ ತೊಳೆದು, ಪೂಜೆ ಮಾಡಿ ಉಣಬಡಿಸುತ್ತಿದ್ದ. ಅಪ್ಪ ರೈಸ್‌ಮಿಲ್ಲಿನ ಹಮಾಲಿ. ದಿನವಿಡೀ ಮೂಟೆ ಹೊತ್ತು ಬಂದವನು ಇನ್ನೊಬ್ಬರ ಕಾಲ ಬುಡದಲ್ಲಿ ಕೂರುವುದು ನನಗೆ ಸೇರುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ನಾಲಿಗೆಯೂ ಸ್ವಲ್ಪ ಉದ್ದ. "ಕಾಲು ತೊಳಿಸ್ಕೊಳ್ಳಾಕ ನಿಮಗ ನಾಚಿಕಿ ಬರೂದಿಲ್ಲೇನ್ರಿ ಅಯ್ಯಾರ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವ್ವ ದುರುಗುಟ್ಟಿ ನೋಡಿದಳು.

"ಬರ್ತದವ್ವ. ಅದಕ್ಕ ಊಟದ ಮ್ಯಾಲೆ ಲಕ್ಷ್ಯ ಇಟ್ಟೀನಿ" ಎಂದು ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಕೊರೊನಾದ ಎರಡನೇ ಅಲೆಯಲ್ಲಿ ಅಪ್ಪ ಹೊಸಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡ. ಆಂಬುಲೆನ್ಸು ನೇರ ಕಂಪ್ಲಿಯ ರುದ್ರಭೂಮಿಗೇ ಬಂತು. ಗುಂಡಿಯ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಪ್ಪ, ಪುರಸಭೆಯ ಇಬ್ಬರು. ದೂರದ ಬೇಲಿಯ ಹತ್ತಿರ ಅವ್ವ ಮತ್ತು ನಾನು. ನಮ್ಮಲ್ಲಿ ಮಣ್ಣು ಮಾಡುವ ಮುಂಚೆ ಜಂಗಮರು ಸತ್ತವರ ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳಬೇಕು. ಅದಿಲ್ಲದಿದ್ದರೆ ಹೋದವರಿಗೆ ದಾರಿ ಸಿಗುವುದಿಲ್ಲವೆಂಬುದು ಅವ್ವನ ನಂಬಿಕೆ. ಹಿಂದಿನ ದಿನದಿಂದ ಅವಳು ತುತ್ತು ಅನ್ನ ಮುಟ್ಟಿರಲಿಲ್ಲ. "ಪಾದ ಇಲ್ದ ಮಣ್ಣು ಹಾಕಿದ್ರ ನಾನೂ ಇಲ್ಲೇ ಮಲಗ್ತೀನಿ" ಎಂದು ಕೂತುಬಿಟ್ಟಳು. ಯಾರಿಗೆ ಫೋನು ಮಾಡಿದರೂ ಬರಲೊಲ್ಲರು. ನಮ್ಮ ಅಯ್ಯನವರಿಗೆ ಮಾತ್ರ ನಾನು ಮಾಡಿರಲಿಲ್ಲ. ಆ ದಮ್ಮಿನ ಮನುಷ್ಯನನ್ನು ಕರೆಯುವುದೂ ಒಂದೇ, ಕೊಲ್ಲುವುದೂ ಒಂದೇ ಎನಿಸಿತ್ತು.

ಕರೆಯದೆಯೇ ಬಂದರು. ಪುರಸಭೆಯವರು ತೊಡಿಸಿದ ಬಿಳಿ ನಿಲುವಂಗಿ ಹೊಟ್ಟೆಯ ಹತ್ತಿರ ಹರಿಯುವಂತಿತ್ತು. ಮುಖದ ಮುಂದಿನ ಪ್ಲಾಸ್ಟಿಕ್ ಹಾಳೆಯ ಮೇಲೂ ಮೂರು ಬೆರಳಿನ ವಿಭೂತಿ ಎಳೆದುಕೊಂಡಿದ್ದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ಅದರ ಬೆನ್ನಿಗೇ ಅಳು.

"ಬ್ಯಾಡ್ರಿ ಅಯ್ಯಾರ, ನಿಮ್ಮ ಜೀವಕ್ಕ ಎರವಾಗ್ತದ. ದೂರ ನಿಂತು ಮಂತ್ರ ಹೇಳಿ ಹೋಗ್ರಿ" ಎಂದೆ.

"ಬದುಕಿದ್ದಾಗ ಪಾದ ತೊಳಿಸ್ಕೊಂಡು ಉಂಡೀನಿ. ಸತ್ತಾಗ ದೂರ ನಿಂದ್ರಲೇನು?" ಎಂದು ಗುಂಡಿಯ ಕಡೆ ನಡೆದರು. ಅಲ್ಲಿ ಬಲಗಾಲಿನ ಪ್ಲಾಸ್ಟಿಕ್ ಚೀಲ ಬಿಚ್ಚತೊಡಗಿದಾಗ ಪುರಸಭೆಯವನು ಗದರಿದ. "ಚೀಲ ಹಾಕ್ಕೊಂಡು ಇಟ್ರ ಅದು ಚೀಲ ಆಗ್ತದ, ಪಾದ ಆಗೂದಿಲ್ಲಪ್ಪ" ಎಂದರು. ಬರಿಗಾಲನ್ನು ಅಪ್ಪನ ತಲೆಯ ಮೇಲಿಟ್ಟು ಬಹಳ ಹೊತ್ತು ನಿಂತರು. ಅವರ ಗುನುಗು ಮಾತ್ರ ಬೇಲಿಯವರೆಗೆ ಬರುತ್ತಿತ್ತು. ಅವ್ವ ಕೈಮುಗಿದಳು. ಆ ಸಂಜೆ ಮನೆಗೆ ಬಂದು ಅನ್ನ ಕಲಸಿಕೊಂಡಳು.

ನಮ್ಮಪ್ಪನೊಬ್ಬನಿಗೇ ಅಲ್ಲ, ಆ ದಿನಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೋದರು. ಕಡೆಗೆ ಅವರಿಗೂ ಜ್ವರ ಬಂತು. ಆಕ್ಸಿಜನ್ ಹಚ್ಚಿದ್ದಾರೆಂದು ಸುದ್ದಿ ಬಂದ ದಿನ, ದೇವರ ಕೋಣೆಯತ್ತ ತಲೆಯೂ ಹಾಕದ ನಾನು ಒಳಗೆ ಹೋಗಿ ಅವ್ವನ ಪಕ್ಕ ಕೂತೆ. ಬದುಕಿ ಬಂದರು. ಮೈ ಅರ್ಧ ಇಳಿದಿತ್ತು, ಉಸಿರು ಮತ್ತೆ ಮೊದಲಿನಂತಾಗಲೇ ಇಲ್ಲ. ಅವ್ವ ಹೋಳಿಗೆ ಮಾಡಿ ಕಳಿಸಿದಳು. ಡಬ್ಬಿ ಖಾಲಿಯಾಗಿ ಬಂತು.

ಕಳೆದ ಶ್ರಾವಣದಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡುವಾಗ, "ಅವತ್ತು ಅಂಜಿಕಿ ಆಗ್ಲಿಲ್ಲೇನ್ರಿ?" ಎಂದು ಕೇಳಿದೆ.

"ಭಾಳ ಆಗಿತ್ತವ್ವ. ಕಾಲು ಗಡಗಡ ನಡಗಾಕತ್ತಿತ್ತು. ಮಂತ್ರ ಒಂದಕ್ಷರ ನೆನಪಾಗ್ಲಿಲ್ಲ."

"ಮತ್ತ ಅಷ್ಟೊತ್ತು ಏನು ಹೇಳಿದ್ರಿ?"

"ನಿಮ್ಮಪ್ಪನ ಹೆಸರು. ಅದೊಂದ ನೆನಪಿತ್ತು. ಅದನ್ನ ಹೇಳಕೋಂತ ನಿಂತೆ." ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವಗ ಹೇಳಬ್ಯಾಡ. ಮತ್ತೊಮ್ಮೆ ಮಾಡಸ್ತಾಳ" ಎಂದು ನಕ್ಕರು.

ಅವ್ವನಿಗೆ ಹೇಳಿಲ್ಲ. ನಾನು ಬರೆದದ್ದನ್ನು ಓದುವ ಅಭ್ಯಾಸ ಪುಣ್ಯಕ್ಕೆ ಅವಳಿಗಿಲ್ಲ. ಮಂತ್ರದಲ್ಲಿ ನನಗೆ ಇವತ್ತಿಗೂ ಅಷ್ಟಕ್ಕಷ್ಟೇ. ಆದರೆ ಅಪ್ಪನಿಗೆ ದಾರಿ ಸಿಕ್ಕಿದೆ ಎಂದು ನಂಬುತ್ತೇನೆ. ಸಾವಿನ ಅಂಚಿನಲ್ಲಿ ನಡುಗುತ್ತಾ ನಿಂತು ಒಬ್ಬರು ನಮ್ಮ ಹೆಸರು ಹೇಳಿದರೆ, ಇನ್ನೇನು ಬೇಕು?

ಈ ಬೇಸಿಗೆಯಲ್ಲಿ ಅಯ್ಯನವರು ನಿದ್ದೆಯಲ್ಲೇ ಹೋದರು. ರುದ್ರಭೂಮಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಸಂಡೂರಿನಿಂದ ಬಂದ ಎಳೆಯ ಜಂಗಮರು ಪಾದವಿಟ್ಟು, ಒಂದಕ್ಷರ ತಪ್ಪದಂತೆ ಮಂತ್ರ ಹೇಳಿದರು. ನಮ್ಮ ಓಣಿಯಲ್ಲಿ ಅಯ್ಯನವರನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಇಲ್ಲಿ ನಾನೂ ಬರೆದಿಲ್ಲ. ಅವತ್ತು ಮಾತ್ರ, ಮಣ್ಣು ತುಂಬುವವರೆಗೂ, ಆ ಹೆಸರನ್ನೇ ಹೇಳುತ್ತಾ ನಿಂತಿದ್ದೆ.